ಸ್ಕ್ರೂಜ್ ಎಂಬ ವ್ಯಾಪಾರಿ: ಕಿರುತೆರೆಗೆ ಬಂದ ‘ಎ ಕ್ರಿಸ್ಮಸ್ ಕ್ಯಾರಲ್’

1984ರ ಡಿಸೆಂಬರ್ 17ರಂದು ಅಮೆರಿಕದ ಸಿಬಿಎಸ್ ಟೆಲಿವಿಷನ್ ಜಾಲದಲ್ಲಿ ‘ಎ ಕ್ರಿಸ್ಮಸ್ ಕ್ಯಾರಲ್’ ಎಂಬ ಟೆಲಿಚಿತ್ರ ಪ್ರಸಾರವಾಯಿತು. ಅವಧಿ ಸುಮಾರು 100 ನಿಮಿಷ. ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದ ಕಿರುಕಾದಂಬರಿ ಅದರ ಮೂಲ. ನಿರ್ದೇಶಕ ಇಂಗ್ಲೆಂಡಿನ ಕ್ಲೈವ್ ಡಾನರ್, ಚಿತ್ರಕಥೆ ಬರೆದವರು ಅಮೆರಿಕದ ರಾಜರ್ ಓ. ಹರ್ಸನ್, ಎಬನೀಜರ್ ಸ್ಕ್ರೂಜ್‌ನ ಪಾತ್ರದಲ್ಲಿ ಜಾರ್ಜ್ ಸಿ. ಸ್ಕಾಟ್. ಅಮೆರಿಕದವರು ಮನೆಯಲ್ಲಿ ಕುಳಿತು ನೋಡಿದ ಈ ಚಿತ್ರ ಬ್ರಿಟನ್ನಿನಲ್ಲಿ ಚಿತ್ರಮಂದಿರಗಳಲ್ಲಿ ತೆರೆಕಂಡಿತು. ಅದಕ್ಕೂ ಮೊದಲು ಈ ಕಥೆ ಹತ್ತಾರು ಸಲ ಪರದೆಗೆ ಬಂದಿತ್ತು, ಆಮೇಲೂ ಬರುತ್ತಲೇ ಇದೆ. ಅಷ್ಟರ ನಡುವೆಯೂ ಇದಕ್ಕೊಂದು ಬೇರೆ ಸ್ಥಾನ ಸಿಕ್ಕಿದೆ. ಸ್ಕ್ರೂಜ್‌ನನ್ನು ಎಲ್ಲರೂ ನಕ್ಕು ಬಿಡಬಹುದಾದ ಮುದಿ ಜಿಪುಣನನ್ನಾಗಿ ಇದು ತೋರಿಸಲಿಲ್ಲ. ತನ್ನ ಲೆಕ್ಕವೇ ಸರಿ ಎಂದು ಪ್ರಾಮಾಣಿಕವಾಗಿ ನಂಬಿದ ಗಟ್ಟಿ ವ್ಯಾಪಾರಿಯನ್ನಾಗಿ ತೋರಿಸಿತು. ಚಿತ್ರದ ಉಳಿದ ಗುಣಗಳೆಲ್ಲ ಈ ಒಂದು ನಿರ್ಧಾರದಿಂದಲೇ ಹುಟ್ಟಿವೆ.

ಕಥೆ ಓದುಗರಿಗೆ ಗೊತ್ತಿರುವಂಥದ್ದೇ. ಲಂಡನ್ನಿನಲ್ಲಿ ಸ್ಕ್ರೂಜ್ ಎಂಬ ಒಬ್ಬಂಟಿ ಮುದುಕ. ಎಂಜಲು ಕೈಯಲ್ಲಿ ಕಾಗೆ ಓಡಿಸದವನು. ಅವನ ಪಾಲುದಾರ ಜೇಕಬ್ ಮಾರ್ಲಿ ಸತ್ತು ಆಗಲೇ ಏಳು ವರ್ಷ. ಕ್ರಿಸ್ಮಸ್ ಹಿಂದಿನ ರಾತ್ರಿ ಆ ಮಾರ್ಲಿಯ ಪ್ರೇತ ಬಂದು ಎಚ್ಚರಿಸುತ್ತದೆ. ಅದರ ಬೆನ್ನಿಗೆ ಮೂರು ಚೇತನಗಳು ಒಂದಾದ ಮೇಲೊಂದು ಬಂದು ಕಳೆದುಹೋದ ಕ್ರಿಸ್ಮಸ್‌ಗಳನ್ನೂ ಆ ವರ್ಷದ ಕ್ರಿಸ್ಮಸ್ಸನ್ನೂ ಮುಂದೆ ಬರಲಿರುವ ಕ್ರಿಸ್ಮಸ್ಸನ್ನೂ ತೋರಿಸುತ್ತವೆ. ಬೆಳಗಾಗುವ ಹೊತ್ತಿಗೆ ಸ್ಕ್ರೂಜ್ ಬೇರೆ ಮನುಷ್ಯನಾಗಿರುತ್ತಾನೆ. ಕನ್ನಡದಲ್ಲಿ ಕಳೆದ ಕಾಲಕ್ಕೂ ಭೂತ ಎನ್ನುತ್ತಾರೆ, ಕಾಡುವ ಪಿಶಾಚಿಗೂ ಭೂತ ಎನ್ನುತ್ತಾರೆ. ಡಿಕನ್ಸ್ ಕಟ್ಟಿದ ಕಥೆಯ ಒಳಗುಟ್ಟು ಈ ಒಂದು ಪದದಲ್ಲಿ ಅಡಗಿದೆ. ಇಂಗ್ಲಿಷಿನಲ್ಲಿ ಅವನು ಒಂದು ಅಧ್ಯಾಯವನ್ನೇ ಬಳಸಿ ಹೇಳಿದ್ದನ್ನು ಕನ್ನಡ ಓದುಗ ಶಬ್ದದಲ್ಲೇ ಕೇಳಿಸಿಕೊಳ್ಳಬಹುದು.

ಪುಸ್ತಕ ಹುಟ್ಟಿದ ಸಂದರ್ಭವನ್ನು ತಿಳಿದರೆ ಚಿತ್ರ ಯಾವ ದಾರಿ ಹಿಡಿಯಿತೆಂಬುದು ಸ್ಪಷ್ಟವಾಗುತ್ತದೆ. 1843 ಬ್ರಿಟನ್ನಿನಲ್ಲಿ ಹಸಿವಿನ ದಶಕದ ವರ್ಷ. ವಿದೇಶದ ಧಾನ್ಯಕ್ಕೆ ಸುಂಕ ಹೇರಿ ದೇಶದ ಜಮೀನುದಾರರನ್ನು ಕಾಯುತ್ತಿದ್ದ ಕಾರ್ನ್ ಲಾ ಎಂಬ ಕಾಯಿದೆಗಳು 1815ರಿಂದ ಜಾರಿಯಲ್ಲಿದ್ದವು. ರೊಟ್ಟಿಯ ಬೆಲೆ ಬಡವರ ಕೈಗೆಟುಕುತ್ತಿರಲಿಲ್ಲ. 1834ರ ಬಡವರ ಕಾಯಿದೆ ನಿರ್ಗತಿಕರನ್ನು ವರ್ಕ್‌ಹೌಸ್ ಎಂಬ ದುಡಿಮೆಮನೆಗಳಿಗೆ ದೂಡುತ್ತಿತ್ತು. ಅಲ್ಲಿ ಗಂಡನನ್ನೂ ಹೆಂಡತಿಯನ್ನೂ ಮಕ್ಕಳನ್ನೂ ಬೇರೆಬೇರೆ ಇಡುತ್ತಿದ್ದರು. ಜನಸಂಖ್ಯೆ ಆಹಾರಕ್ಕಿಂತ ವೇಗವಾಗಿ ಬೆಳೆಯುತ್ತದೆ ಎಂದ ಮಾಲ್ಥಸ್‌ನ ಮಾತನ್ನು ಹಿಡಿದುಕೊಂಡು, ಬಡವರು ಸತ್ತರೆ ಅದು ನಿಸರ್ಗವೇ ಮಾಡಿದ ಸಮತೋಲ ಎಂದು ವಾದಿಸುವ ವಿದ್ಯಾವಂತರಿದ್ದರು. ಗಣಿಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಸ್ಥಿತಿಯ ಬಗ್ಗೆ ಸರಕಾರಿ ಆಯೋಗ ಕೊಟ್ಟ ವರದಿಯನ್ನು ಡಿಕನ್ಸ್ ಆ ವರ್ಷ ಓದಿದ. ಸೆಪ್ಟೆಂಬರಿನಲ್ಲಿ ಲಂಡನ್ನಿನ ಫೀಲ್ಡ್ ಲೇನ್‌ನಲ್ಲಿದ್ದ ಬಡ ಮಕ್ಕಳ ಶಾಲೆಯನ್ನು ಕಣ್ಣಾರೆ ನೋಡಿದ. ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಕೆಲಸಗಾರರ ವಿದ್ಯೆಯ ಪರವಾಗಿ ಭಾಷಣ ಮಾಡಿದ. ಈ ಬಗ್ಗೆ ಒಂದು ಕರಪತ್ರ ಬರೆಯಬೇಕೆಂದು ಮೊದಲು ಯೋಚಿಸಿದ್ದವನು ಅದನ್ನು ಕೈಬಿಟ್ಟು ಕಥೆ ಬರೆಯಲು ಕುಳಿತ. ಸುಮಾರು ಆರು ವಾರದಲ್ಲಿ ಮುಗಿಸಿದ.

ಬಡತನ ಡಿಕನ್ಸ್‌ಗೆ ಕೇಳಿ ತಿಳಿದ ವಿಷಯವಾಗಿರಲಿಲ್ಲ. 1824ರಲ್ಲಿ ಅವನ ತಂದೆ ಸಾಲ ತೀರಿಸಲಾಗದೆ ಮಾರ್ಶಲ್‌ಸೀ ಸೆರೆಮನೆ ಸೇರಿದಾಗ, ಹನ್ನೆರಡು ವರ್ಷದ ಹುಡುಗ ಬೂಟ್ ಪಾಲಿಷ್ ತಯಾರಿಸುವ ಗೋದಾಮಿನಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ. ದುಡ್ಡಿನ ಭಯ ಎಂಥದೆಂದು ಅವನಿಗೆ ಒಳಗಿನಿಂದ ಗೊತ್ತಿತ್ತು. ಸ್ಕ್ರೂಜ್‌ನನ್ನು ಬರೀ ರಾಕ್ಷಸನನ್ನಾಗಿ ಬರೆಯದಿರಲು ಅದೂ ಒಂದು ಕಾರಣವೆನ್ನಬೇಕು.

ಪುಸ್ತಕವನ್ನು ಚಾಪ್‌ಮನ್ ಅಂಡ್ ಹಾಲ್ ಸಂಸ್ಥೆ 1843ರ ಡಿಸೆಂಬರ್ 19ರಂದು ಹೊರತಂದಿತು. ಜಾನ್ ಲೀಚ್ ಬರೆದ ಚಿತ್ರಗಳು, ಚಿನ್ನದ ಅಂಚು, ಕೈಯಿಂದ ತುಂಬಿದ ಬಣ್ಣ. ಬೆಲೆ ಐದು ಶಿಲಿಂಗ್. ಕಥೆಯಲ್ಲಿ ಸ್ಕ್ರೂಜ್‌ನ ಗುಮಾಸ್ತ ಬಾಬ್ ಕ್ರಾಚಿಟ್‌ನ ವಾರದ ಸಂಬಳ ಹದಿನೈದು ಶಿಲಿಂಗ್. ಅಂದರೆ ತನ್ನದೇ ಕಥೆಯ ಪುಸ್ತಕ ಕೊಳ್ಳಲು ಬಾಬ್ ವಾರದ ಗಳಿಕೆಯ ಮೂರನೆಯ ಒಂದು ಪಾಲು ತೆರಬೇಕಿತ್ತು. ಆದರೂ ಮೊದಲ ಮುದ್ರಣದ 6,000 ಪ್ರತಿಗಳು ಕ್ರಿಸ್ಮಸ್ ಹೊತ್ತಿಗೆ ಖರ್ಚಾದವು. ಮುದ್ರಣದ ವೆಚ್ಚವನ್ನು ಡಿಕನ್ಸ್ ತಾನೇ ಹೊತ್ತಿದ್ದ. ಸಾವಿರ ಪೌಂಡ್ ಲಾಭವನ್ನು ಎದುರುನೋಡುತ್ತಿದ್ದವನ ಕೈಗೆ ಮೊದಲ ಮುದ್ರಣದಿಂದ ಬಂದದ್ದು 230 ಪೌಂಡ್. ಮರುವರ್ಷವೇ ಒಂದು ಪ್ರಕಾಶನ ಕಥೆಯನ್ನು ಕದ್ದು ಅಗ್ಗದ ಬೆಲೆಗೆ ಅಚ್ಚು ಹಾಕಿತು. ಡಿಕನ್ಸ್ ದಾವೆ ಹೂಡಿ ಗೆದ್ದ. ಎದುರಾಳಿಗಳು ದಿವಾಳಿ ಎದ್ದರು. ನ್ಯಾಯಾಲಯದ ಖರ್ಚು ಸುಮಾರು 700 ಪೌಂಡ್ ಅವನ ತಲೆಗೇ ಬಿತ್ತು.

ಇದು ಓದುವುದಕ್ಕಿಂತ ಹೆಚ್ಚಾಗಿ ಕೇಳುವ ಕಥೆ. ಚಳಿಗಾಲದ ದೀರ್ಘ ರಾತ್ರಿಗಳಲ್ಲಿ ಬೆಂಕಿಯ ಸುತ್ತ ಕುಳಿತು ದೆವ್ವದ ಕಥೆ ಹೇಳುವ ರೂಢಿ ಇಂಗ್ಲೆಂಡಿನಲ್ಲಿ ಮೊದಲಿನಿಂದಲೂ ಇತ್ತು. ಡಿಕನ್ಸ್ ಅದನ್ನು ಅಚ್ಚಿಗೆ ತಂದ, ಮತ್ತೆ ಧ್ವನಿಗೂ ಮರಳಿಸಿದ. 1853ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ಪುರಭವನದಲ್ಲಿ ಈ ಕಥೆಯನ್ನು ಸಾರ್ವಜನಿಕವಾಗಿ ಓದಿದ. ಒಂದು ವಾಚನವನ್ನು ಕೆಲಸಗಾರರಿಗಾಗಿಯೇ ಕಡಿಮೆ ದರದಲ್ಲಿ ಏರ್ಪಡಿಸಬೇಕೆಂದು ಪಟ್ಟುಹಿಡಿದ. ಸಾಯುವ ವರ್ಷ, 1870ರವರೆಗೂ ಅದನ್ನು ಓದುತ್ತಲೇ ಇದ್ದ. ರೇಡಿಯೋ ಬಂದ ಮೇಲೆ ಅಮೆರಿಕದಲ್ಲಿ ನಟ ಲಯನಲ್ ಬ್ಯಾರಿಮೋರ್ 1934ರಿಂದ ಸುಮಾರು ಎರಡು ದಶಕ, ಒಂದೆರಡು ವರ್ಷ ಬಿಟ್ಟರೆ ಪ್ರತಿ ಕ್ರಿಸ್ಮಸ್‌ಗೂ ಸ್ಕ್ರೂಜ್ ಆಗಿ ಬಾನುಲಿಯಲ್ಲಿ ಮಾತಾಡಿದರು. ಒಂದು ಇಡೀ ಪೀಳಿಗೆಗೆ ಸ್ಕ್ರೂಜ್ ಎಂದರೆ ಮೊದಲು ಒಂದು ಧ್ವನಿ, ಆಮೇಲೆ ಮುಖ.

ಪರದೆಯ ಚರಿತ್ರೆಯೂ ದೀರ್ಘವಾದದ್ದೇ. 1901ರಲ್ಲಿ ಬ್ರಿಟನ್ನಿನ ಆರ್. ಡಬ್ಲ್ಯೂ. ಪಾಲ್ ನಿರ್ಮಿಸಿದ ಕೆಲವೇ ನಿಮಿಷಗಳ ಮೂಕಿಚಿತ್ರ ಇಂದಿಗೂ ಭಾಗಶಃ ಉಳಿದಿದೆ. 1935ರಲ್ಲಿ ಸೀಮೋರ್ ಹಿಕ್ಸ್, 1938ರಲ್ಲಿ ರೆಜಿನಾಲ್ಡ್ ಓವನ್, 1970ರ ಸಂಗೀತಮಯ ಚಿತ್ರದಲ್ಲಿ ಆಲ್ಬರ್ಟ್ ಫಿನಿ ಸ್ಕ್ರೂಜ್ ಆದರು. ಇವುಗಳಲ್ಲಿ ಎತ್ತರದ್ದು 1951ರ ಬ್ರಿಟಿಷ್ ಚಿತ್ರ ‘ಸ್ಕ್ರೂಜ್’. ನಿರ್ದೇಶಕ ಬ್ರಯನ್ ಡೆಸ್ಮಂಡ್ ಹರ್ಸ್ಟ್, ನಾಯಕ ಆಲಸ್ಟೇರ್ ಸಿಮ್. ಆ ಚಿತ್ರದ ಸಂಕಲನಕಾರ ಬೇರೆ ಯಾರೂ ಅಲ್ಲ, ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದ ಕ್ಲೈವ್ ಡಾನರ್. ಕತ್ತರಿ ಹಿಡಿದು ಒಂದೊಂದು ಚೌಕಟ್ಟನ್ನೂ ಜೋಡಿಸಿದವರಿಗೆ ಆ ಕಥೆಯ ಮೂಳೆಮೂಳೆಯೂ ಪರಿಚಿತ. ಮೂವತ್ಮೂರು ವರ್ಷಗಳ ಬಳಿಕ ಅದೇ ಕಥೆ ನಿರ್ದೇಶಕರಾಗಿ ಅವರ ಕೈಗೆ ಬಂದಾಗ, ಸಿಮ್ ಮಾಡಿದ್ದನ್ನು ಮತ್ತೆ ಮಾಡಿಸುವ ಗೋಜಿಗೆ ಅವರು ಹೋಗಲಿಲ್ಲ. ಸಿಮ್‌ರ ಸ್ಕ್ರೂಜ್ ನಡುಗುವ, ಕುಗ್ಗುವ, ಕೊನೆಗೆ ತಲೆಕೆಳಗಾಗಿ ಕುಣಿಯುವ ಮುದುಕ. ಅದಕ್ಕೆ ಅದರದ್ದೇ ಸೊಗಸಿದೆ. ಡಾನರ್‌ಗೆ ಬೇಕಾದ ಸ್ಕ್ರೂಜ್ ಬೇರೆ ಜಾತಿಯವನು.

ಜಾರ್ಜ್ ಸಿ. ಸ್ಕಾಟ್ ಆಗ 57 ವರ್ಷದವರು. ದೊಡ್ಡ ಮೈಕಟ್ಟು, ಗಡಸು ಕಂಠ. 1970ರ ‘ಪ್ಯಾಟನ್’ ಚಿತ್ರದಲ್ಲಿ ಎರಡನೆಯ ಮಹಾಯುದ್ಧದ ದಂಡನಾಯಕನಾಗಿ ನಟಿಸಿ, ಅದಕ್ಕೆ ಬಂದ ಆಸ್ಕರ್ ಪ್ರಶಸ್ತಿಯನ್ನು ಬೇಡವೆಂದವರು. ಸ್ಕ್ರೂಜ್ ಎಂದರೆ ಬಡಕಲು ಮೈ, ಚೂಪು ಮೂಗು ಎಂದು ಡಿಕನ್ಸ್ ಬರೆದಿದ್ದಾನೆ. ಸ್ಕಾಟ್‌ರದು ಅದಕ್ಕೆ ಹೊಂದುವ ಶರೀರವಲ್ಲ. ಅಗಲ ಎದೆ, ಕೆನ್ನೆಗೆ ಹಬ್ಬಿದ ಗಡ್ಡಮೀಸೆ, ನೆಟ್ಟಗೆ ನಿಂತ ಬೆನ್ನು. ಬೀದಿಯಲ್ಲಿ ನಡೆದರೆ ಜನ ದಾರಿ ಬಿಡುವಂಥ ಗತ್ತು. ಈ ಸ್ಕ್ರೂಜ್ ಯಾರಿಗೂ ಹೆದರುವವನಲ್ಲ, ಕೂಗಾಡುವವನೂ ಅಲ್ಲ. ಎದುರಿನವರನ್ನು ನೋಡಿ ಸಣ್ಣಗೆ ನಗುತ್ತಾನೆ, ತನಗೆ ತಿಳಿದಷ್ಟು ಲೋಕಕ್ಕೆ ತಿಳಿಯದಲ್ಲ ಎಂಬಂತೆ. ಆ ನಗೆಯೇ ಮೈ ಕೊರೆಯುತ್ತದೆ.

ಮೊದಲ ದೃಶ್ಯಗಳಲ್ಲೇ ಇದು ಗೊತ್ತಾಗುತ್ತದೆ. ಚಳಿ ತಾಳಲಾರದೆ ಬಾಬ್ ಕ್ರಾಚಿಟ್ ಒಲೆಗೆ ಒಂದು ತುಂಡು ಕಲ್ಲಿದ್ದಲು ಹಾಕಲು ಹೋಗುತ್ತಾನೆ. ಸ್ಕ್ರೂಜ್ ಬೈಯುವುದಿಲ್ಲ. ಮೇಷ್ಟರು ಪಾಠ ಹೇಳುವಂತೆ ಬಾಬ್ ತೊಟ್ಟ ಬಟ್ಟೆಗಳನ್ನು ಒಂದೊಂದಾಗಿ ತೋರಿಸಿ, ಮನುಷ್ಯ ಚಳಿಗೆಂದೇ ಬಟ್ಟೆ ಕಂಡುಹಿಡಿದ, ಒಮ್ಮೆ ಕೊಂಡರೆ ಅದು ಬಹುಕಾಲ ಬರುತ್ತದೆ, ಇದ್ದಲು ಉರಿದು ಮುಗಿಯುತ್ತದೆ, ಜೊತೆಗೆ ದುಬಾರಿ ಎಂದು ವಿವರಿಸುತ್ತಾನೆ. ಹರ್ಸನ್ ಹೊಸದಾಗಿ ಬರೆದ ಮಾತು ಇದು. ವಾದದಲ್ಲಿ ತಪ್ಪು ಹುಡುಕಲಾಗದು, ಕೇಳುವವನು ಮಾತ್ರ ಚಳಿಯಲ್ಲಿ ನಡುಗುತ್ತಿದ್ದಾನೆ. ಮನುಷ್ಯನಿಗೆ ತರ್ಕವೇ ಹೇಗೆ ಕಲ್ಲಾಗಬಲ್ಲದು ಎಂಬುದನ್ನು ಇಷ್ಟು ಚಿಕ್ಕ ಸನ್ನಿವೇಶದಲ್ಲಿ ಹೇಳಿದ ರೂಪಾಂತರ ಇನ್ನೊಂದಿಲ್ಲ.

ಇದಕ್ಕಿಂತ ದೊಡ್ಡ ಸೇರ್ಪಡೆ ಎಕ್ಸ್‌ಚೇಂಜ್ ಎಂಬ ವ್ಯಾಪಾರದ ಕಟ್ಟೆಯ ದೃಶ್ಯ. ಸ್ಕ್ರೂಜ್ ಏನು ವ್ಯಾಪಾರ ಮಾಡುತ್ತಾನೆ ಎಂಬುದನ್ನು ಪುಸ್ತಕ ಬಿಡಿಸಿ ಹೇಳುವುದಿಲ್ಲ. ಅವನಿಗೆ ಸಾಲಗಾರರಿದ್ದಾರೆ, ಎಕ್ಸ್‌ಚೇಂಜಿನಲ್ಲಿ ಅವನ ಮಾತಿಗೆ ಬೆಲೆಯಿದೆ ಎಂಬಷ್ಟು ಗೊತ್ತು. ಚಿತ್ರದಲ್ಲಿ ಅವನ ಬಳಿ ಧಾನ್ಯದ ದಾಸ್ತಾನಿದೆ. ಕೊಳ್ಳಲು ಬಂದ ವರ್ತಕರು ನಿನ್ನೆಯ ಬೆಲೆ ಕೇಳುತ್ತಾರೆ. ನಿನ್ನೆ ಒಪ್ಪಲಿಲ್ಲವಾದ್ದರಿಂದ ಇವತ್ತು ಶೇಕಡಾ 5 ಹೆಚ್ಚು ಎನ್ನುತ್ತಾನೆ ಸ್ಕ್ರೂಜ್. ನಾಳೆಗೆ ತಳ್ಳಿದರೆ ಇನ್ನೂ ಶೇಕಡಾ 5 ಏರುತ್ತದೆ. ಇದು ನ್ಯಾಯವಲ್ಲ ಎಂದವರಿಗೆ, ನ್ಯಾಯವಲ್ಲದಿರಬಹುದು, ವ್ಯವಹಾರ ಎನ್ನುತ್ತಾನೆ. ಅವರು ಒಪ್ಪದೆ ಗತಿಯಿಲ್ಲ. ಕಾರ್ನ್ ಲಾಗಳ ಕಾಲದಲ್ಲಿ ಧಾನ್ಯದ ದರ ಏರಿದರೆ ಅದು ನೇರವಾಗಿ ಯಾರ ತಟ್ಟೆಗೆ ತಟ್ಟುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹೀಗೆ ಗೆದ್ದ ಗಳಿಗೆಯಲ್ಲೇ, ಅದೇ ಕಟ್ಟೆಯ ಮೇಲೆ, ಬಡವರಿಗಾಗಿ ಚಂದಾ ಎತ್ತುವ ಇಬ್ಬರು ಸಜ್ಜನರು ಅವನಿಗೆ ಎದುರಾಗುತ್ತಾರೆ. ಪುಸ್ತಕದಲ್ಲಿ ಅವರು ಕಚೇರಿಗೆ ಬರುವುದು. ಇಲ್ಲಿ ಜಾಗ ಬದಲಾಗಿದೆ. ದುಡಿಮೆಮನೆಗಳು ಇಲ್ಲವೇ, ಸೆರೆಮನೆಗಳು ಮುಚ್ಚಿವೆಯೇ ಎಂದು ಸ್ಕ್ರೂಜ್ ಕೇಳುವ ಪ್ರಶ್ನೆ ಲಾಭ ಎಣಿಸಿದ ಬಾಯಿಂದಲೇ ಬರುತ್ತದೆ. ಬಡವರು ಸಾಯುವುದಾದರೆ ಸತ್ತು ಜನಸಂಖ್ಯೆ ಇಳಿಸಲಿ ಎಂಬ ಅವನ ಮಾತು ಒಬ್ಬ ಒರಟನ ಬೈಗುಳದಂತೆ ಕೇಳಿಸದೆ, ಆ ಕಾಲದ ಒಂದು ಅರ್ಥಶಾಸ್ತ್ರದಂತೆ ಕೇಳಿಸುತ್ತದೆ. ಡಿಕನ್ಸ್ ಮುಖಾಮುಖಿಯಾಗಿದ್ದು ಅದಕ್ಕೇ.

ಚಿತ್ರ ಪ್ರಸಾರವಾದ ದಿನಗಳನ್ನೂ ನೆನೆಯಬೇಕು. 1984ರ ಅಕ್ಟೋಬರಿನಲ್ಲಿ ಇಥಿಯೋಪಿಯದ ಬರಗಾಲದ ದೃಶ್ಯಗಳು ಬಿಬಿಸಿಯ ಮೂಲಕ ಲೋಕದ ಮನೆಮನೆಗೆ ತಲುಪಿದ್ದವು. ಬ್ರಿಟನ್ನಿನಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರ ಮುಷ್ಕರ ಮಾರ್ಚಿನಿಂದ ನಡೆದಿತ್ತು. ಚಿತ್ರ ಈ ಯಾವುದನ್ನೂ ಹೆಸರಿಸುವುದಿಲ್ಲ, ಹೆಸರಿಸುವ ಉದ್ದೇಶವಿಟ್ಟು ಮಾಡಿದ್ದೂ ಅಲ್ಲ. ಆದರೆ ಹಸಿದ ಮಕ್ಕಳ ಮುಖಗಳನ್ನು ಅದೇ ಪೆಟ್ಟಿಗೆಯಲ್ಲಿ ಎರಡು ತಿಂಗಳ ಹಿಂದೆ ಕಂಡಿದ್ದ ವೀಕ್ಷಕನಿಗೆ ಧಾನ್ಯ ತಡೆದಿಟ್ಟ ವ್ಯಾಪಾರಿ 1843ರವನಾಗಿಯೇ ಉಳಿದಿರಲಾರ.

ಚಿತ್ರೀಕರಣ ನಡೆದದ್ದು ಲಂಡನ್ನಿನಲ್ಲಲ್ಲ. ಇಂಗ್ಲೆಂಡಿನ ಪಶ್ಚಿಮಕ್ಕೆ, ವೇಲ್ಸ್ ಗಡಿಯ ಸಮೀಪ, ಸೆವರ್ನ್ ನದಿಯ ತಿರುವಿನೊಳಗೆ ಕುಳಿತ ಶ್ರೂಸ್‌ಬರಿ ಪಟ್ಟಣದಲ್ಲಿ. ಚಾರ್ಲ್ಸ್ ಡಾರ್ವಿನ್ ಹುಟ್ಟಿದ ಊರು ಅದು. ಮರದ ಚೌಕಟ್ಟಿನ ಹಳೆಯ ಮನೆಗಳು, ಇಬ್ಬರು ಎದುರಾದರೆ ಒಬ್ಬರು ಸರಿಯಬೇಕಾದ ಓಣಿಗಳು, ಕಲ್ಲುಹಾಸಿನ ಬೀದಿಗಳು ಅಲ್ಲಿ ಅಷ್ಟಿಷ್ಟು ಉಳಿದಿರುವುದಲ್ಲ, ಊರೇ ಹಾಗಿದೆ. ಸ್ಟುಡಿಯೋದಲ್ಲಿ ರಟ್ಟಿನ ಲಂಡನ್ ಕಟ್ಟಿದ ಹಿಂದಿನ ಚಿತ್ರಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಉಸಿರು ಹಬೆಯಾಗುವುದು, ಹಿಮ ತುಳಿತಕ್ಕೆ ಕೆಸರಾಗುವುದು, ಗೋಡೆಯ ತೇವ, ಇವೆಲ್ಲ ಟೋನಿ ಇಮಿ ಅವರ ಛಾಯಾಗ್ರಹಣದಲ್ಲಿ ಮುಟ್ಟಿದಂತೆ ಕಾಣುತ್ತವೆ. ದೆವ್ವದ ಕಥೆಗೆ ಇದು ಬಹಳ ಮುಖ್ಯ. ಕಾಲಕೆಳಗಿನ ನೆಲ ನಿಜವಾಗಿದ್ದಷ್ಟೂ ಅದರ ಮೇಲೆ ನಡೆದು ಬರುವ ಪ್ರೇತ ನಿಜವಾಗುತ್ತದೆ.

ಮಾರ್ಲಿಯ ಪ್ರೇತವಾಗಿ ಬರುವವರು ಫ್ರಾಂಕ್ ಫಿನ್ಲೆ. ಅವರು ಕಾಣಿಸಿಕೊಳ್ಳುವ ಮುನ್ನವೇ ಚಿತ್ರ ಹೆದರಿಸಲು ತೊಡಗುತ್ತದೆ. ಮಂಜಿನಲ್ಲಿ ಒಂದು ಶವದ ಗಾಡಿ ಸ್ಕ್ರೂಜ್‌ನ ಪಕ್ಕ ಹಾದು ಹೋಗುತ್ತದೆ, ಯಾರೋ ಅವನ ಹೆಸರು ಕರೆದಂತಾಗುತ್ತದೆ. ಬಾಗಿಲು ತಟ್ಟುವ ಬಳೆಯಲ್ಲಿ ಸತ್ತವನ ಮುಖ ಮೂಡುತ್ತದೆ. ಆಮೇಲೆ ಮೆಟ್ಟಿಲ ಮೇಲೆ ಸರಪಳಿ ಎಳೆದ ಸದ್ದು. ಹೆಣಕ್ಕೆ ದವಡೆ ಬಿಗಿಯಲು ಕಟ್ಟಿದ ಬಟ್ಟೆಯನ್ನು ಪ್ರೇತ ಬಿಚ್ಚಿದಾಗ ಬಾಯಿ ತೆರೆದು ಜೋತುಬೀಳುತ್ತದೆ. ಫಿನ್ಲೆ ಆ ವಿಕಾರದಲ್ಲೂ ನೋವನ್ನು ಬಿಡುವುದಿಲ್ಲ. ಮಾರ್ಲಿಯ ಸರಪಳಿಗೆ ಪೋಣಿಸಿರುವುದು ಹಣದ ಪೆಟ್ಟಿಗೆಗಳು, ಬೀಗಗಳು, ಲೆಕ್ಕದ ಪುಸ್ತಕಗಳು. ಬದುಕಿರುವಾಗ ಕೊಂಡಿ ಕೊಂಡಿಯಾಗಿ ತಾನೇ ಹೆಣೆದದ್ದು. ಮಾಡಿದ್ದುಣ್ಣೋ ಮಹರಾಯ ಎಂದು ಬೆಳೆದ ಕನ್ನಡಿಗರಿಗೆ ಈ ಸರಪಳಿಯ ಅರ್ಥ ವಿವರಿಸಬೇಕಾಗಿಲ್ಲ. ಸ್ಕಾಟ್‌ರ ಸ್ಕ್ರೂಜ್ ಇಲ್ಲಿಯೂ ಬೇಗ ಸೋಲುವುದಿಲ್ಲ. ಅರಗದ ಊಟದಿಂದ ಹುಟ್ಟಿದ ಭ್ರಮೆ ಇದು ಎಂದು ಪ್ರೇತದ ಜೊತೆಗೂ ವಾದಿಸುತ್ತಾನೆ. ಹಳೆಯ ಪಾಲುದಾರರಿಬ್ಬರ ಸಂಭಾಷಣೆಯಂತೆಯೇ ಆ ದೃಶ್ಯ ನಡೆಯುತ್ತದೆ, ಒಬ್ಬ ಸತ್ತಿದ್ದಾನೆ ಅಷ್ಟೆ.

ಮೊದಲ ಚೇತನವಾಗಿ ಬಂದ ಏಂಜೆಲಾ ಪ್ಲೆಸೆನ್ಸ್‌ರದು ಬೆಳ್ಳಗೆ ಬಿಳಿಚಿದ, ವಯಸ್ಸು ಹೇಳಲಾಗದ ಮುಖ. ಮಾತು ಮೃದು, ಕನಿಕರ ಮಾತ್ರ ಇಲ್ಲ. ಸ್ಕ್ರೂಜ್ ನೆನಪಿಗೆ ನೆಪ ಹೇಳಹೊರಟಾಗಲೆಲ್ಲ ಅದನ್ನು ಶಾಂತವಾಗಿ ತಡೆಯುತ್ತಾಳೆ. ಈ ಭಾಗದಲ್ಲಿ ಹರ್ಸನ್ ತಂದ ಮುಖ್ಯ ಬದಲಾವಣೆ ಸ್ಕ್ರೂಜ್‌ನ ತಂದೆ. ಪುಸ್ತಕದಲ್ಲಿ ಅವನು ಒಂದು ವಾಕ್ಯದಲ್ಲಿ ಸುಳಿದು ಹೋಗುತ್ತಾನೆ. ಚಿತ್ರದಲ್ಲಿ ನೈಜೆಲ್ ಡೇವನ್‌ಪೋರ್ಟ್ ನಟಿಸಿದ ಸೈಲಸ್ ಸ್ಕ್ರೂಜ್ ಎದುರಿಗೇ ನಿಲ್ಲುತ್ತಾನೆ: ಮಗನನ್ನು ಹೆರುವಾಗ ಹೆಂಡತಿ ಸತ್ತಳೆಂಬ ಕಾರಣಕ್ಕೆ ಮಗನ ಮೇಲೆ ಹಗೆ ಸಾಧಿಸಿದ ತಂದೆ. ವರ್ಷಗಟ್ಟಲೆ ಶಾಲೆಯಲ್ಲೇ ಬಿಟ್ಟ ಹುಡುಗನನ್ನು ಸೋದರಿ ಫ್ಯಾನ್ ಮನೆಗೆ ಕರೆಯಲು ಬಂದರೆ, ಅಪ್ಪ ಮೂರೇ ದಿನ ಮನೆಯಲ್ಲಿರಿಸಿಕೊಂಡು ಫೆಜಿವಿಗ್ ಎಂಬ ವರ್ತಕನ ಬಳಿ ಕೆಲಸಕ್ಕೆ ಕಳಿಸುವ ಮಾತಾಡುತ್ತಾನೆ. ಅಪ್ಪನ ಮುಂದೆ ಕೈಕಟ್ಟಿ ನಿಂತ ಆ ಬಾಲಕನನ್ನು ಮುದುಕ ಸ್ಕ್ರೂಜ್ ನೋಡುವ ನೋಟದಲ್ಲಿ ಸ್ಕಾಟ್ ಒಂದು ಮಾತೂ ಆಡುವುದಿಲ್ಲ. ಬೆಲ್ ಎಂಬ ಹುಡುಗಿಯನ್ನು ಅವನು ಕಳೆದುಕೊಂಡ ಪ್ರಸಂಗವೂ ಹೀಗೇ ಬಿಗಿಯಾಗಿದೆ: ಹಣ ಕೂಡಿಹಾಕುವವರೆಗೆ ಕಾಯಿ ಎಂದವನನ್ನು ಅವಳು ಬಿಡುಗಡೆ ಮಾಡಿ ಹೋಗುತ್ತಾಳೆ, ಅವನು ತಡೆಯುವುದಿಲ್ಲ. ಫೆಜಿವಿಗ್‌ನ ಹಬ್ಬದ ಕುಣಿತಕ್ಕೆ ಮಾತ್ರ ಚಿತ್ರ ಇನ್ನಷ್ಟು ಹೊತ್ತು ಕೊಡಬೇಕಿತ್ತು. ಸ್ಕ್ರೂಜ್ ಒಮ್ಮೆ ಸುಖವಾಗಿದ್ದ ಎಂಬುದು ಕಣ್ಣು ತುಂಬ ಕಂಡರೆ ಕಳೆದುಕೊಂಡದ್ದರ ತೂಕ ಹೆಚ್ಚುತ್ತಿತ್ತು.

ಎರಡನೆಯ ಚೇತನ ಎಡ್ವರ್ಡ್ ವುಡ್‌ವರ್ಡ್. ಮರಗಾಲು ಕಟ್ಟಿ ನಡೆದು ಸ್ಕಾಟ್‌ಗಿಂತ ಎಷ್ಟೋ ಎತ್ತರ ಕಾಣುವ ಅವರು ಹಸಿರು ನಿಲುವಂಗಿ, ತೆರೆದ ಎದೆ, ತಲೆಗೆ ಎಲೆಯ ಕಿರೀಟದೊಂದಿಗೆ ಗಟ್ಟಿಯಾಗಿ ನಗುತ್ತ ಬರುತ್ತಾರೆ. ಸಾಮಾನ್ಯವಾಗಿ ಈ ಪಾತ್ರವನ್ನು ಹೊಟ್ಟೆ ತುಂಬಿದ ಹಬ್ಬದ ಅಜ್ಜನಂತೆ ಮಾಡುತ್ತಾರೆ. ವುಡ್‌ವರ್ಡ್‌ರ ಚೇತನಕ್ಕೆ ಸಿಟ್ಟಿದೆ. ಬಾಬ್‌ನ ಮನೆಯಲ್ಲಿ ಊರುಗೋಲು ಹಿಡಿದ ಅವನ ಮಗ ಟೈನಿ ಟಿಮ್‌ನನ್ನು ಕಂಡು, ಈ ಮಗು ಬದುಕುವುದೇ ಎಂದು ಸ್ಕ್ರೂಜ್ ಕೇಳಿದಾಗ, ಜನಸಂಖ್ಯೆಯ ಬಗ್ಗೆ ಅವನಾಡಿದ ಮಾತನ್ನು ಚೇತನ ಅವನಿಗೇ ತಿರುಗಿಸುತ್ತದೆ. ಆ ಕ್ಷಣ ವುಡ್‌ವರ್ಡ್‌ರ ಮುಖದಿಂದ ನಗೆ ಪೂರ್ತಿ ಮಾಯ. ಯಾರು ಹೆಚ್ಚುವರಿ, ಯಾರಿಗೆ ಬದುಕುವ ಹಕ್ಕಿದೆ ಎಂದು ತೀರ್ಮಾನಿಸಲು ನೀನು ಯಾರು ಎಂಬ ಆ ಪ್ರಶ್ನೆಯಲ್ಲಿ ಇಡೀ ಚಿತ್ರ ನಿಂತಿದೆ. ಎಕ್ಸ್‌ಚೇಂಜಿನ ದೃಶ್ಯ ಅಷ್ಟು ಸಮರ್ಥವಾಗಿ ಬಂದಿರದಿದ್ದರೆ ಈ ತಿರುಗೇಟು ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ.

ಬಾಬ್ ಆಗಿ ಡೇವಿಡ್ ವಾರ್ನರ್, ಅವನ ಹೆಂಡತಿಯಾಗಿ ಸುಸಾನಾ ಯಾರ್ಕ್. ವಾರ್ನರ್ ಉದ್ದ ಮೈಯನ್ನು ಬಾಗಿಸಿಕೊಂಡು, ಮಾತು ಬಾಯಿಗೆ ಬಂದರೂ ನುಂಗಿಕೊಳ್ಳುವ ಗುಮಾಸ್ತನನ್ನು ಮಾಡಿದ್ದಾರೆ. ಅವರ ಬಾಬ್ ದೀನ ಅಲ್ಲ, ದಣಿದವನು. ಯಜಮಾನನ ಹೆಸರಲ್ಲಿ ಹಬ್ಬದ ಪಾನ ಎತ್ತುವಾಗ ಹೆಂಡತಿಯ ಮೈಯೆಲ್ಲ ಉರಿಯುತ್ತದೆ, ಗಂಡನಿಗಾಗಿ ಅದನ್ನು ತಡೆದುಕೊಳ್ಳುತ್ತಾಳೆ. ಯಾರ್ಕ್‌ರ ಆ ಬಿಗಿಹಿಡಿದ ಕೋಪ ಮನೆಯ ಬಡತನವನ್ನು ಕಣ್ಣೀರಿಗಿಂತ ಚೆನ್ನಾಗಿ ಹೇಳುತ್ತದೆ.

ಇದಾದ ಮೇಲೆ ಪುಸ್ತಕದಲ್ಲಿಲ್ಲದ ಜಾಗವೊಂದಕ್ಕೆ ಚೇತನ ಸ್ಕ್ರೂಜ್‌ನನ್ನು ಕರೆದೊಯ್ಯುತ್ತದೆ. ಸೇತುವೆಯ ಕೆಳಗೆ, ರಾತ್ರಿ, ಮನೆಯಿಲ್ಲದ ಜನ ಬೆಂಕಿ ಹಚ್ಚಿಕೊಂಡು ಕುಳಿತಿದ್ದಾರೆ. ಒಂದು ಸಂಸಾರ: ಗಂಡ, ಹೆಂಡತಿ, ಮಕ್ಕಳು. ಗಂಡನಿಗೆ ಕೈಯಿದೆ, ಕೆಲಸವಿಲ್ಲ. ನಾಳೆ ದುಡಿಮೆಮನೆಗೆ ಹೋಗೋಣವೆಂದರೆ ಹೆಂಡತಿ ಒಪ್ಪುವುದಿಲ್ಲ. ಅಲ್ಲಿಗೆ ಹೋದರೆ ಒಬ್ಬರಿಂದೊಬ್ಬರು ಬೇರೆಯಾಗಬೇಕು. ಹಸಿವಾದರೂ ಒಟ್ಟಿಗಿರುವುದೇ ಮೇಲು ಎಂಬ ನಿಲುವು ಅವಳದು. ದುಡಿಮೆಮನೆಗಳಿಲ್ಲವೇ ಎಂದು ಹಗಲು ಕೇಳಿದ್ದ ಸ್ಕ್ರೂಜ್‌ಗೆ ರಾತ್ರಿ ಉತ್ತರ ಸಿಕ್ಕಿದ್ದು ಹೀಗೆ. ಇಲ್ಲಿಯೇ ಚೇತನ ತನ್ನ ನಿಲುವಂಗಿ ಸರಿಸಿ ಅಜ್ಞಾನ ಮತ್ತು ಕೊರತೆ ಎಂಬ ಇಬ್ಬರು ಎಲುಬಿನ ಹಂದರದ ಮಕ್ಕಳನ್ನು ತೋರಿಸುತ್ತದೆ. ಅನೇಕ ಚಿತ್ರಗಳು ಹಬ್ಬದ ಹುರುಪು ಕೆಡುತ್ತದೆಂದು ಈ ಮಕ್ಕಳನ್ನು ಬಿಟ್ಟುಬಿಟ್ಟಿವೆ. ಫೀಲ್ಡ್ ಲೇನ್ ಶಾಲೆಯಲ್ಲಿ ಡಿಕನ್ಸ್ ಕಂಡ ಮಕ್ಕಳೇ ಅವರು. ಅವರನ್ನು ಬಿಟ್ಟರೆ ಪುಸ್ತಕದ ಜೀವವನ್ನೇ ಬಿಟ್ಟಂತೆ. ಡಾನರ್ ಬಿಡಲಿಲ್ಲ. ಚೇತನ ಅಲ್ಲಿಂದ ಹೊರಟು ಹೋಗುತ್ತದೆ. ಚಳಿಯಲ್ಲಿ, ಯಾರಿಗೂ ಕಾಣದವನಾಗಿ, ಸ್ಕ್ರೂಜ್ ಒಬ್ಬನೇ ಕುಳಿತಿರುತ್ತಾನೆ. ತಾನು ಏನು ಮಾಡಿದೆನೆಂದು ಇಂಥ ಶಿಕ್ಷೆ ಎಂದು ಆಗಲೂ ಕೇಳಿಕೊಳ್ಳುತ್ತಾನೆ. ಅವನು ಇನ್ನೂ ಒಪ್ಪಿಲ್ಲ ಎಂಬುದನ್ನು ಗಮನಿಸಬೇಕು. ಈ ಸ್ಕ್ರೂಜ್‌ನ ಪರಿವರ್ತನೆ ನಂಬಲರ್ಹವಾಗಿರುವುದು ಅವನು ಇಷ್ಟು ದೂರದವರೆಗೂ ಜಗ್ಗದಿರುವುದರಿಂದ.

ಮೂರನೆಯ ಚೇತನಕ್ಕೆ ಮಾತಿಲ್ಲ, ಮುಖವೂ ಇಲ್ಲ. ಕಪ್ಪು ಮುಸುಕಿನೊಳಗೆ ಮೈಕಲ್ ಕಾರ್ಟರ್. ಅದು ಕೈ ಚಾಚಿದಾಗ ಕೇಳುವ ಕರ್ಕಶ ಲೋಹದ ಸದ್ದು ನಿಕ್ ಬೀಕಾ ಅವರ ಸಂಗೀತಕ್ಕಿಂತ ಹೆಚ್ಚು ಹೊತ್ತು ಕಿವಿಯಲ್ಲಿ ಉಳಿಯುತ್ತದೆ. ಎಕ್ಸ್‌ಚೇಂಜಿನಲ್ಲಿ ವರ್ತಕರು ಯಾರದೋ ಸಾವಿನ ಬಗ್ಗೆ ಮಾತಾಡುತ್ತಿದ್ದಾರೆ, ಊಟ ಹಾಕಿದರೆ ಶವಸಂಸ್ಕಾರಕ್ಕೆ ಬರುತ್ತೇವೆ ಎನ್ನುತ್ತಾರೆ. ಸತ್ತವನ ಮಂಚದ ಪರದೆ, ಅಂಗಿಗಳನ್ನು ಕದ್ದು ತಂದ ಮನೆಗೆಲಸದಾಕೆ ಗುಜರಿಯವನ ಜೊತೆ ಚೌಕಾಸಿ ಮಾಡುತ್ತಾಳೆ. ಹಗಲು ಧಾನ್ಯಕ್ಕೆ ನಡೆದಿದ್ದ ಚೌಕಾಸಿ ಈಗ ಹೆಣದ ಬಟ್ಟೆಗೆ. ಚಿತ್ರ ಈ ಹೋಲಿಕೆಯನ್ನು ಮಾತಿನಲ್ಲಿ ಎತ್ತಿ ತೋರಿಸುವುದಿಲ್ಲ. ಬಾಬ್‌ನ ಮನೆಯಲ್ಲಿ ಟಿಮ್‌ನ ಜಾಗ ಖಾಲಿ. ಕೊನೆಗೆ ಸ್ಮಶಾನ, ಹಿಮ ಮುಚ್ಚಿದ ಕಲ್ಲು, ಅದರ ಮೇಲೆ ಎಬನೀಜರ್ ಸ್ಕ್ರೂಜ್ ಎಂಬ ಹೆಸರು. ಕೊನೆಯವರೆಗೂ ವಾದಿಸಿದ ಮನುಷ್ಯ ಇಲ್ಲಿ ಬೇಡುತ್ತಾನೆ. ಪ್ಯಾಟನ್‌ನ ಆ ಗಡಸು ಕಂಠ ಒಡೆಯುವುದನ್ನು ಕೇಳಿದವರು ಮರೆಯುವುದಿಲ್ಲ.

ಬೆಳಗಾದ ಮೇಲಿನ ಭಾಗ ಚಿಕ್ಕದು. ಸ್ಕಾಟ್ ಇಲ್ಲಿ ಹುಚ್ಚಾಪಟ್ಟೆ ಕುಣಿಯುವುದಿಲ್ಲ, ಹಾಸಿಗೆಯ ಮೇಲೆ ಒಮ್ಮೆ ಹಾರಿ ಸುಮ್ಮನಾಗುತ್ತಾರೆ. ಚೆನ್ನಾಗಿರುವುದು ಫ್ಯಾನ್‌ಳ ಮಗ, ಸೋದರಳಿಯ ಫ್ರೆಡ್‌ನ ಮನೆಯ ದೃಶ್ಯ. ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತ ಮಾವ, ಒಳಗೆ ಬರಲೇ ಎಂದು ಕೇಳುವುದಕ್ಕೂ ಅಳುಕುತ್ತಾನೆ. ನಿನ್ನ ತಾಯಿಯನ್ನು ನಾನು ಪ್ರೀತಿಸುತ್ತಿದ್ದೆ, ನಿನ್ನ ಮುಖದಲ್ಲಿ ಅವಳ ನೆರಳನ್ನು ಕಾಣುತ್ತಿದ್ದೇನೆ ಎಂಬ ಅರ್ಥದ ಮಾತಾಡುತ್ತಾನೆ. ಫ್ರೆಡ್‌ನ ಪಾತ್ರ ಮಾಡಿದ ರಾಜರ್ ರೀಸ್ ಅವರೇ ಚಿತ್ರದ ನಿರೂಪಕರೂ ಹೌದು. ಡಿಕನ್ಸ್‌ನದೇ ‘ನಿಕೊಲಸ್ ನಿಕಲ್ಬಿ’ಯ ಪ್ರಸಿದ್ಧ ರಂಗರೂಪದಲ್ಲಿ ಮುಖ್ಯ ಪಾತ್ರ ವಹಿಸಿದ್ದ ನಟ ಅವರು. ಒಬ್ಬರಿಗೇ ಎರಡೂ ಕೆಲಸ ಕೊಟ್ಟದ್ದರಿಂದ, ಪ್ರತಿ ವರ್ಷ ಬಂದು ಬೈಸಿಕೊಂಡು ಹೋಗಿಯೂ ಮಾವನನ್ನು ಊಟಕ್ಕೆ ಕರೆಯುವುದನ್ನು ಬಿಡದ ಹುಡುಗನೇ ಈ ಕಥೆಯನ್ನು ಹೇಳುತ್ತಿದ್ದಾನೆ ಎಂದಾಗುತ್ತದೆ. ದ್ವೇಷಿಸಲು ಕಾರಣವಿದ್ದೂ ದ್ವೇಷಿಸದವನು ಹೇಳಿದ ಕಥೆ. ಸ್ಕ್ರೂಜ್‌ನ ಬಗ್ಗೆ ಚಿತ್ರಕ್ಕೆ ಇರುವ ಗೌರವ ಎಲ್ಲಿಂದ ಬಂತೆಂಬುದು ಇದರಿಂದ ತಿಳಿಯುತ್ತದೆ.

ಸ್ಕಾಟ್‌ರ ನಟನೆ ಎಮ್ಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. 1999ರಲ್ಲಿ ಪ್ಯಾಟ್ರಿಕ್ ಸ್ಟೂವರ್ಟ್ ನಟಿಸಿದ ಇನ್ನೊಂದು ಟೆಲಿಚಿತ್ರ ಬಂತು. ಅದೂ ಗಂಭೀರವಾದ ಕೆಲಸ. ಆದರೂ ಕಿರುತೆರೆಯ ಸ್ಕ್ರೂಜ್‌ಗಳಲ್ಲಿ ಸ್ಕಾಟ್‌ರದೇ ಮೇಲು. ಸ್ಕಾಟ್ ತೀರಿಕೊಂಡದ್ದೂ ಅದೇ 1999ರಲ್ಲಿ. ಡಿಸೆಂಬರ್ ಬಂತೆಂದರೆ ಅಮೆರಿಕದ ವಾಹಿನಿಗಳಲ್ಲಿ ಅವರ ಸ್ಕ್ರೂಜ್ ಇಂದಿಗೂ ಮತ್ತೆ ಕಾಣಿಸಿಕೊಳ್ಳುತ್ತಾನೆ.

ಚಿತ್ರೀಕರಣ ಮುಗಿದಾಗ ಆ ಸಮಾಧಿ ಕಲ್ಲನ್ನು ಯಾರೂ ತೆಗೆಯಲಿಲ್ಲ. ಶ್ರೂಸ್‌ಬರಿಯ ಸೇಂಟ್ ಚಾಡ್ ಚರ್ಚಿನ ಅಂಗಳದಲ್ಲಿ, ನಿಜವಾದ ಗೋರಿಗಳ ನಡುವೆ, ಹುಲ್ಲಿನಲ್ಲಿ ಮಲಗಿದ ಹಾಸುಗಲ್ಲಿನ ಮೇಲೆ ಎಂದೂ ಹುಟ್ಟದ, ಎಂದೂ ಸಾಯದ ಎಬನೀಜರ್ ಸ್ಕ್ರೂಜ್‌ನ ಹೆಸರು ಉಳಿಯಿತು. ಊರಿಗೆ ಬಂದವರು ಅದನ್ನು ಹುಡುಕಿಕೊಂಡು ಹೋಗುವುದು ವಾಡಿಕೆಯಾಯಿತು. 2024ರ ನವೆಂಬರಿನಲ್ಲಿ ಯಾರೋ ಅದನ್ನು ತುಂಡುತುಂಡಾಗಿ ಒಡೆದು ಹಾಕಿದರು. ಕಥೆಯೊಳಗಿನ ಮನುಷ್ಯನ ಗೋರಿ ಒಡೆದದ್ದಕ್ಕೆ ಊರಿನವರು ನಿಜವಾಗಿಯೂ ನೊಂದರು, ಅದನ್ನು ಮತ್ತೆ ಕೂಡಿಸಬೇಕೆಂದು ಬಯಸಿದರು.